ಸುಗುಣಾಳ ದೀಪ

ಕನ್ನಡ ಟೀವಿ ಚಾನೆಲ್ಲಿಗೆ ತಿಂಗಳಿಗೆ ಹತ್ತೊಂಬತ್ತು ರೂಪಾಯಿ, ಮೇಲೆ ತೆರಿಗೆ ಸೇರಿದರೆ ಇಪ್ಪತ್ತೆರಡೂವರೆ. ನಾಸಿಕದಿಂದ ಸಂಭಾಜಿನಗರಕ್ಕೆ ಬಸ್ಸಿನಲ್ಲಿ ಹೋಗಿಬರಲು, ಹೆಂಗಸರಿಗೆ ಅರ್ಧ ಟಿಕೀಟು ಎಂದಾದ ಮೇಲೂ, ಮುನ್ನೂರರ ಮೇಲೆ ಚಿಲ್ಲರೆ. ಬೀಗರ ಮನೆಗೆ ಬರಿಗೈಯಲ್ಲಿ ಹೋಗಲಾಗದು. ಹಣ್ಣು, ಪೇಢೆ, ಒಂದು ಕುಪ್ಪಸದ ಖಣ ಎಂದರೆ ಮತ್ತೆ ಐನೂರು. ಎರಡು ದಿನ ರೊಟ್ಟಿ ಬಡಿಯುವುದು ನಿಂತರೆ ಅದರ ಲುಕ್ಸಾನು ಬೇರೆ. ಇಷ್ಟೆಲ್ಲ ಸುರಿದು ಹೋದರೂ ಮಗಳ ಬಾಯಿಂದ ಬರುವುದು ಒಂದೇ ಮಾತು: "ಆರಾಮ ಇದ್ದೀನವ್ವಾ." ಇಪ್ಪತ್ತೆರಡೂವರೆ ರೂಪಾಯಿಗೆ ಭುವನೇಶ್ವರಿಗೆ ದಿನಾ ಖರೇ ಮಾತು ಸಿಗುತ್ತಿತ್ತು. ಇಷ್ಟು ಅಗ್ಗದ ವ್ಯವಹಾರ ಅವಳ ಆಯುಷ್ಯದಲ್ಲಿ ಇನ್ನೊಂದಿರಲಿಲ್ಲ.

ಭುವನೇಶ್ವರಿ ಬೀದರ ಕಡೆಯವಳು. ಗಂಡ ನಾಸಿಕದ ಸಾತಪುರದ ಕಾರ್ಖಾನೆಯಲ್ಲಿ ಲೇಥ್ ತಿರುಗಿಸುತ್ತಿದ್ದ. ಅವನು ತೀರಿಕೊಂಡು ಏಳು ವರ್ಷ. ಮಗ ರವಿಕಾಂತ ಈಗ ಅದೇ ಕೈಗಾರಿಕಾ ಎಸ್ಟೇಟಿನಲ್ಲಿ ಪಾಳಿ ಮಾಡುತ್ತಾನೆ. ತಾಯಿ ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಓಝರಿನ ವಿಮಾನ ಕಾರ್ಖಾನೆಯ ಕನ್ನಡದ ಮನೆಗಳಿಗೂ ಸಾತಪುರದ ಒಂಟಿ ಹುಡುಗರಿಗೂ ಕಳಿಸುತ್ತಾಳೆ. ಸೊಸೆ ಭಾರ್ಗವಿ ಓಝರಿನ ಕಾಲನಿಯಲ್ಲೇ ಹುಟ್ಟಿ ಬೆಳೆದ ಎಂಜಿನಿಯರರ ಮಗಳು. ಒಳ್ಳೆಯ ಹುಡುಗಿ. ಮರಾಠಿ ಬೆರೆಸಿ ಕನ್ನಡ ಆಡುತ್ತಾಳೆ, ಆದರೆ ಒಳಗಿನ ಕನ್ನಡ ತಿಳಿಯದು. ಮದುವೆಯಾದ ಹೊಸದರಲ್ಲಿ ಅತ್ತೆ "ಅಕ್ಕಿ ಹೆಚ್ಚಾಗ್ಯಾವ, ರವಿಗೆ ಹೇಳು" ಅಂದರೆ, ಸೊಸೆ ಗಂಡನಿಗೆ ಫೋನು ಮಾಡಿ "ಅಕ್ಕಿ ತುಂಬಾ ಇದೆಯಂತೆ, ತರಬೇಡ" ಅಂದಿದ್ದಳು. ಆ ರಾತ್ರಿ ಮೂವರೂ ರೊಟ್ಟಿಯನ್ನೇ ತಿಂದರು. ಮನೆಯಲ್ಲಿ ಒಂದು ವಸ್ತು ತೀರಿತು ಎಂದು ಬಾಯಿಬಿಟ್ಟು ಹೇಳಬಾರದು, ಅದಕ್ಕೆ ಹೆಚ್ಚಾಯಿತು ಅನ್ನುತ್ತೇವೆ ಎಂದು ತಿಳಿಸಿ ಹೇಳಿದಾಗ ಭಾರ್ಗವಿ ಹೊಟ್ಟೆ ಹಿಡಿದು ನಕ್ಕಿದ್ದಳು. ಅಕ್ಕಿಯ ಮಟ್ಟಿಗೆ ಅವಳು ಕಲಿತಳು.

ಮಗಳು ಮಂಜುಶ್ರೀಯನ್ನು ಸಂಭಾಜಿನಗರಕ್ಕೆ ಕೊಟ್ಟು ಆರು ವರ್ಷ. ಊರಿನ ಹೆಸರು ಬದಲಾದರೂ ಕಂಡಕ್ಟರನ ಬಾಯಲ್ಲಿ ಇನ್ನೂ ಔರಂಗಾಬಾದೇ. ಅಳಿಯ ಮಲ್ಲಿನಾಥ ಸಿಲ್ಲೋಡಿನ ಹತ್ತಿ ವ್ಯಾಪಾರದವನು. ವಾರದಲ್ಲಿ ಐದು ದಿನ ಅಲ್ಲೇ. ಮನೆಯಲ್ಲಿ ಅವನ ತಾಯಿ ರುಕ್ಮಿಣಿಬಾಯಿ. ಉದಗೀರ ಕಡೆಯ ಮನೆತನ, ಮರಾಠಿ ಮಾತಾಡಿದರೂ ಕನ್ನಡ ಚೆನ್ನಾಗಿ ಬರುತ್ತದೆ. ಹೊಡೆಯುವವಳಲ್ಲ, ಬಡಿಯುವವಳಲ್ಲ. ಅವಳದು ಒಂದೇ ಕಾನೂನು: ಮನೆಯ ಮಾತು ಮನೆಯಲ್ಲಿ. ಸೊಸೆ ತವರಿಗೆ ಫೋನು ಮಾಡಲಿ, ಬೇಡವೆನ್ನುವುದಿಲ್ಲ. ಆದರೆ ಸ್ಪೀಕರ್ ಹಚ್ಚಿ, ತನ್ನ ಎದುರಿಗೆ ಕೂತು ಮಾಡಲಿ. ಒಂಟಿಯಾಗಿ ಸಿಕ್ಕಾಗ ತಾಯಿ ಫೋನಿನಲ್ಲಿ ಬರೆದು ಕಳಿಸು ಎಂದರೆ ಮಂಜುಶ್ರೀ ಒಪ್ಪುತ್ತಿರಲಿಲ್ಲ. "ಬರೆದದ್ದು ಉಳೀತದವ್ವಾ, ಆಡಿದ್ದು ಹಾರಿಹೋಗ್ತದ" ಅನ್ನುತ್ತಿದ್ದಳು.

ಸೀರಿಯಲ್ಲಿನ ಹೆಸರು 'ನಡುಮನೆ'. ಒಂಬತ್ತು ವರ್ಷದಿಂದ ಸಂಜೆ ಏಳೂವರೆಗೆ ಬರುತ್ತಿತ್ತು. ಅದರ ಸೊಸೆ ಸುಗುಣಾ ಪಡದ ಕಷ್ಟವಿರಲಿಲ್ಲ. ಎರಡು ಸಲ ಜೈಲು, ಒಂದು ಸಲ ಮರೆವಿನ ಕಾಯಿಲೆ. ಆ ಹೊತ್ತಿಗೆ ರುಕ್ಮಿಣಿಬಾಯಿ ಒಳಕೋಣೆಯಲ್ಲಿ ಲಿಂಗಪೂಜೆಗೆ ಕೂರುತ್ತಿದ್ದರಿಂದ ಮಂಜುಶ್ರೀ ಅಡಿಗೆಮನೆಯ ಸಣ್ಣ ಟೀವಿಯಲ್ಲಿ ಅದನ್ನು ನೋಡುತ್ತಿದ್ದಳು. ಎಂಟಕ್ಕೆ ಅತ್ತೆ ಹೊರಗೆ ಬರುತ್ತಿದ್ದಂತೆ ತಾಯಿಗೆ ಫೋನು.

ಮದುವೆಯಾಗಿ ಮೂರನೆಯ ತಿಂಗಳು ಮಂಜುಶ್ರೀ ಫೋನಿನಲ್ಲಿ ಅಂದಿದ್ದಳು, "ನೋಡಿದೇನವ್ವಾ, ಪಾಪ ಸುಗುಣಾ ಎರಡು ದಿನದಿಂದ ಉಂಡಿಲ್ಲ."

"ಏನs ಹುಚ್ಚಿ, ಆಕಿ ಲಗ್ನದಾಗ ಕೂತು ಹೋಳಿಗಿ ಬಾರಸ್ಲಾಕತ್ತಿದ್ದಳಲ್ಲ!"

ಮಂಜುಶ್ರೀ ಮೆಲ್ಲಗೆ ಅಂದಳು, "ನೀ ಸರಿಯಾಗಿ ನೋಡಿಲ್ಲವ್ವಾ."

ಭುವನೇಶ್ವರಿ ಹೆಚ್ಚು ಶಾಲೆ ಕಲಿತವಳಲ್ಲ, ಆದರೆ ಹಿಟ್ಟು ಮುಟ್ಟಿದರೆ ಜೋಳ ಯಾವ ಸುಗ್ಗಿಯದು ಎಂದು ಹೇಳುವವಳು. ತಿಳಿಯಿತು. ಮರುದಿನ ತಾನೂ ಸುರುಮಾಡಿದಳು: "ಸುಗುಣಾನ ಅವ್ವ ಆಕಿಗೆ ಏನ ಹೇಳಿದ್ಲು ಕೇಳಿದೇನ? ಅತ್ತಿ ಮುಂದ ಅಳಬ್ಯಾಡ, ಉಣ್ಣೂದು ಬಿಡಬ್ಯಾಡ, ಗಂಡ ಊರಿಂದ ಬಂದಾಗ ಒಂದs ಮಾತು ಹೇಳು, ಹತ್ತು ಹೇಳಬ್ಯಾಡ ಅಂತ." ಸೀರಿಯಲ್ಲಿನ ಸುಗುಣಾಳ ತಾಯಿ ಸತ್ತು ಆಗಲೇ ಎರಡು ವರ್ಷವಾಗಿತ್ತು. ಮಂಜುಶ್ರೀ "ಹೂಂ, ಚಲೋ ಹೇಳಿದ್ಲವ್ವಾ" ಅಂದಳು.

ಹೀಗೆ ಆರು ವರ್ಷ ನಡೆಯಿತು. ಟೀವಿಯಲ್ಲಿ ಆದದ್ದು ಬೇರೆ, ಮಗಳು ಹೇಳಿದ್ದು ಬೇರೆ. ಎರಡರ ನಡುವಿನ ಫರಕೇ ಮಗಳ ಸಂಸಾರ. ಫರಕು ತಿಳಿಯಬೇಕಾದರೆ ಟೀವಿಯಲ್ಲಿ ಆದದ್ದು ಗೊತ್ತಿರಬೇಕು. ಅದಕ್ಕೇ ಭುವನೇಶ್ವರಿ ಜ್ವರ ಬಂದರೂ ಒಂದು ಕಂತು ಬಿಟ್ಟವಳಲ್ಲ.

ಈ ಸಂಕ್ರಾಂತಿಯ ಮರುದಿನ ಮಂಜುಶ್ರೀ ಹೇಳಿದಳು, "ಅವ್ವಾ, ಸುಗುಣಾ ಜಗಲಿ ಮ್ಯಾಲೆ ಹೊಸಾ ದೀಪ ಹಚ್ಚ್ಯಾಳ. ಯಾರಿಗೂ ಹೇಳಬಾರದಂತ, ಹರಕಿ ಅದ." ಆ ದಿನ ಟೀವಿಯ ಸುಗುಣಾ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಜಗಲಿಯೂ ಇಲ್ಲ, ದೀಪವೂ ಇಲ್ಲ. ಆರು ವರ್ಷ ಕಾದ ಭುವನೇಶ್ವರಿ ಫೋನಿಟ್ಟು, ಹಿಟ್ಟಿನ ಕೈಯಲ್ಲೇ ದೇವರ ಮುಂದೆ ನಿಂತಳು. ಬಸಿರಿಗೆ ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡಬಾರದು. ಮಗ-ಸೊಸೆಗೂ ಹೇಳಲಿಲ್ಲ.

ಫೆಬ್ರುವರಿಯ ಕಡೆಯಲ್ಲಿ, ಒಂದು ಸೋಮವಾರ, ಪಕ್ಕದ ಬಿಲ್ಡಿಂಗಿನ ಗೀತಾ ಫೋನು ಹಿಡಿದುಕೊಂಡು ಓಡಿಬಂದಳು. "ವೈನಿ, ಕೇಳಿದ್ರೇನು? ನಡುಮನೆ ಬಂದ್ ಆಗ್ಲಾಕತ್ತದ! ಬರೂ ಶುಕ್ರವಾರ ಕಡೀದಂತ!"

ಭುವನೇಶ್ವರಿಯ ಕಾಲನಿಯಲ್ಲಿ ನಡುಮನೆ ನೋಡುವ ಐದು ಮನೆಗಳಿದ್ದವು. ಐದೂ ಮನೆಯವರು ಗೀತಾಳ ಮನೆಯಲ್ಲಿ ಸೇರಿದರು. ಎಲ್ಲರಿಗಿಂತ ಹಿರಿಯಳಾದ ಮಾಳವ್ವ ಕೂಡಲೇ ಸೆರಗು ಬಾಯಿಗಿಟ್ಟುಕೊಂಡಳು.

"ಒಂಬತ್ತು ವರ್ಷ ಸಾಕಿದ ಹುಡುಗೀನ ಹಿಂಗ ಬೀದ್ಯಾಗ ಬಿಟ್ಟು ಹೋಗ್ತಾರೇನs? ಆಕಿ ಗಂಡ ಯಾರಂತ ಇನ್ನಾ ತೀರ್ಮಾನ ಆಗಿಲ್ಲ!"

"ಮಾಳವ್ವತ್ತಿ, ನಿಮ್ಮ ಗಂಡ ದವಾಖಾನ್ಯಾಗಿದ್ದಾಗೂ ನೀವು ಇಷ್ಟು ಅತ್ತಿಲ್ಲ ಬಿಡ್ರಿ" ಅಂದಳು ಗೀತಾ.

"ಆತ ಹೊಳ್ಳಿ ಬರ್ತಾನಂತ ಗೊತ್ತಿತ್ತಲ್ಲ! ಸುಗುಣಾ ಬರ್ತಾಳೇನು?"

ಎಲ್ಲರೂ ನಕ್ಕರು, ಮಾಳವ್ವ ಕೂಡ. ಭುವನೇಶ್ವರಿ ನಗಲಿಲ್ಲ. ಬೇರೆಯವರದು ಸೀರಿಯಲ್ ಹೋಗುತ್ತಿತ್ತು. ಅವಳದು ಮಗಳಿಗೆ ಹೋಗುವ ದಾರಿ ಹೋಗುತ್ತಿತ್ತು. ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

"ಅತ್ತರ ಏನಾಗ್ತದ? ಚಾನೆಲಿಗೆ ಫೋನ್ ಹಚ್ಚೂಣು" ಅಂದಳು ಅವಳೇ. "ರೊಕ್ಕಾ ಕೊಟ್ಟೀವಿ, ಪುಕ್ಕಟ ನೋಡಿಲ್ಲ."

ನಂಬರು ಹುಡುಕಲು ಎರಡು ದಿನ ಹಿಡಿಯಿತು. ಗುರುವಾರ ಮಧ್ಯಾಹ್ನ ಮೂರೂವರೆಗೆ ಭುವನೇಶ್ವರಿಯ ಫೋನಿನಿಂದಲೇ ಹಚ್ಚಿದರು. ಕನ್ನಡಕ್ಕೆ ಒಂದು ಒತ್ತಿ ಎಂದಿತು, ಒತ್ತಿದರು. ದೂರಿಗೆ ನಾಲ್ಕು, ಒತ್ತಿದರು. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಒಬ್ಬಳು ಹೇಳಿ ಕೊಳಲು ಊದಲು ಬಿಟ್ಟು ಹೋದಳು. ಐವರೂ ಫೋನಿನ ಸುತ್ತ ಕೂತು ನಲವತ್ತು ನಿಮಿಷ ಕೊಳಲು ಕೇಳಿದರು. ನಡುನಡುವೆ ಫೋನು ಟುಕ್ ಟುಕ್ ಎಂದು ಸದ್ದು ಮಾಡಿತು. "ಏನೂ ಒತ್ತಬ್ಯಾಡ್ರಿ, ಕಟ್ಟಾದರ ಮತ್ತ ಮೊದಲಿಂದ" ಎಂದು ಗೀತಾ ಎಲ್ಲರ ಕೈ ಸರಿಸಿದಳು.

ಕೊನೆಗೆ ಒಬ್ಬ ಹುಡುಗ ಬಂದ. ಬೆಂಗಳೂರಿನ ನಯವಾದ ಕನ್ನಡ. "ಹೇಳಿ ಮೇಡಂ, ಯಾವ ಜಿಲ್ಲೆ ನಿಮ್ಮದು?"

"ನಾಸಿಕ್ರಿ."

"ನಾಸಿಕ... ಇಲ್ಲ ಮೇಡಂ, ನನ್ನ ಲಿಸ್ಟಲ್ಲಿ ಬರ್ತಿಲ್ಲ. ಕರ್ನಾಟಕದ ಜಿಲ್ಲೆ ಹೇಳಿ."

"ನಾವಿರೂದು ಇಲ್ಲಿ, ಇಲ್ಲೀದs ಹೇಳಬೇಕಲ್ಲಪ್ಪಾ."

"ಜಿಲ್ಲೆ ಹಾಕದೆ ದೂರು ಮುಂದಕ್ಕೆ ಹೋಗಲ್ಲ ಮೇಡಂ. ಸಾರಿ."

"ಬೀದರ ಅಂತ ಹಾಕೋ ಮಾರಾಯಾ!" ಎಂದು ಮಾಳವ್ವ ಕೂಗಿದಳು.

ಹುಡುಗ ಬೀದರ ಎಂದು ಹಾಕಿಕೊಂಡ. ಕಾರ್ಯಕ್ರಮ ಮುಗಿಸುವ ತೀರ್ಮಾನ ಆಗಿಹೋಗಿದೆ, ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅಂದ. ಫೋನು ಸತ್ತ ಮೇಲೆ ಮಾಳವ್ವ ಕೇಳಿದಳು, "ಅಂದರ ಇಷ್ಟು ವರ್ಷ ನಾವು ಇಲ್ಲಿ ಕೂತು ನೋಡಿದ್ದು ಯಾರ ಲೆಕ್ಕಕ್ಕೂ ಹತ್ತಿಲ್ಲೇನು?" ಗೀತಾ ಎದ್ದು ಚಹಾಕ್ಕೆ ಇಟ್ಟಳು.

ಭುವನೇಶ್ವರಿ ಮನೆಗೆ ಬಂದಾಗ ಭಾರ್ಗವಿ ಬಟ್ಟೆ ಮಡಚುತ್ತಿದ್ದಳು.

"ಅತ್ತೆ, ಮಂಜು ದೀದಿ ಫೋನ್ ಬಂದಿತ್ತು. ನಿಮ್ಮದು ಸತತ ಬಿಝಿ. ನಾಲ್ಕು ಸಲ ಟ್ರೈ ಮಾಡಿ ನನಗೆ ಮಾಡಿದ್ರು."

ಎಂದೂ ಎಂಟರ ಮೊದಲು ಫೋನು ಮಾಡದ ಮಗಳು. "ಏನಂದ್ಲು? ಆಕಿ ಹ್ಯಾಂಗ ಅಂದ್ಲೋ ಹಂಗs ಹೇಳು."

"ಸೀರಿಯಲ್ ಬಗ್ಗೆನೇ, ಬಾಕಿ ಕಾಹಿ ನಾಹಿ, ಬೇರೇನಿಲ್ಲ. ಸುಗುಣಾದು ಏನೋ ದಿವಾ, ದೀಪ ಇದೆಯಂತಲ್ಲ, ಅದು ಮಸ್ತ್ ಮೋಠಾ ಆಯ್ತಂತೆ. ಈಗ ಫುಲ್ ಜೋರಾಗಿ ಉರೀತಿದೆ. ಅವ್ವಂಗೆ ಇವತ್ತೇ ಹೇಳು ಅಂದ್ರು."

"ಜೋರಾಗಿ?"

"ಹೌದು ಅತ್ತೆ."

"ದನಿ ಹ್ಯಾಂಗಿತ್ತು?"

"ಸ್ವಲ್ಪ ರಡಕ್ಯಾ ದನಿ, ಅತ್ತ ಹಾಗೆ. ಸೀರಿಯಲ್ ಬಂದ್ ಆಗ್ತಿದೆ ನಾ, ಎಲ್ಲರೂ ಸೆಂಟಿ ಆಗಿದ್ದಾರೆ. ನೀವೂ ಅಳ್ತಿದ್ರಿ ಅಲ್ವಾ?"

ಹಿಂದಿನ ದಿನದ ಕಂತಿನಲ್ಲಿ ಸುಗುಣಾ ಆಸ್ಪತ್ರೆಯಲ್ಲಿ ತಲೆಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದಳು. ದೀಪದ ಸುದ್ದಿಯೇ ಇರಲಿಲ್ಲ. ಹಾಗಾದರೆ ಅದು ಮಗಳ ಮಾತೇ. ಮಗು ಚೆನ್ನಾಗಿ ಬೆಳೆಯುತ್ತಿದೆ, ಡಾಕ್ಟರ್ ಹೇಳಿರಬೇಕು, ಸಂತೋಷ ತಡೆಯಲಾರದೆ ಎಂಟರವರೆಗೂ ಕಾಯಲಿಲ್ಲ ಹುಡುಗಿ. ಭುವನೇಶ್ವರಿ ತಿರುಗಿ ಫೋನು ಮಾಡಿದಳು. ರುಕ್ಮಿಣಿಬಾಯಿ ಎತ್ತಿದಳು: "ಮಲಗ್ಯಾಳರಿ, ಸ್ವಲ್ಪ ಸುಸ್ತು." ಬಸುರಿಗೆ ಸುಸ್ತಿರುವುದೇ. ಮಗಳು ಶುಕ್ರವಾರ ಫೋನು ಮಾಡಲಿಲ್ಲ. ಸುಗುಣಾ ಕೊನೆಯ ಕಂತಿನಲ್ಲಿ ಎಲ್ಲರಿಗೂ ಕೈ ಮುಗಿದು ಹೊಸ್ತಿಲು ದಾಟಿದಳು. ಎಲ್ಲಿಗೆ ಹೋದಳೋ ಯಾರೂ ಹೇಳಲಿಲ್ಲ. ಮಾಳವ್ವನ ಮನೆಯಲ್ಲಿ ಆ ರಾತ್ರಿ ಒಲೆ ಹತ್ತಲಿಲ್ಲ. ಅವಳ ಗಂಡ ವಡಾಪಾವ್ ತಂದುಕೊಂಡು ತಿಂದ.

ಆಮೇಲೆ ಎರಡು ಸಲ ಮಂಜುಶ್ರೀ ಮಾತಾಡಿದಳು. "ಆರಾಮ ಇದ್ದೀನವ್ವಾ. ನೀವು?" ಮಾತು ಅಲ್ಲಿಗೆ ಮುಗಿಯುತ್ತಿತ್ತು. ಸುಗುಣಾ ಇಲ್ಲದೆ ದೀಪದ ಮಾತು ತೆಗೆಯುವುದು ಹೇಗೆ? ದನಿ ಬಳಲಿದೆ, ವಾಂತಿಯ ಸಂಕಟ ಇರಬೇಕು ಎಂದುಕೊಂಡಳು ತಾಯಿ. ಮನಸ್ಸಿನಲ್ಲಿ ಒಂದು ದಿನ ಗೊತ್ತುಮಾಡಿದಳು: ಮೂರು ತಿಂಗಳು ತುಂಬಲಿ, ಹೋಗುತ್ತೇನೆ.

ಮಾರ್ಚಿನಲ್ಲಿ ನಾಸಿಕದಲ್ಲಿ ದ್ರಾಕ್ಷಿಗೆ ಬರವೇ? ದ್ರಾಕ್ಷಿಯ ನೆವ ಮಾಡಿ ಹೊರಟಳು. ನಾಲ್ಕು ಕಿಲೋ ಪೆಟ್ಟಿಗೆ. ಅದರಲ್ಲಿ ಎರಡು ಗೊಂಚಲು ಬೇಕೆಂದೇ ಹುಳಿಯದು. ಚೀಲದ ತಳದಲ್ಲಿ ಹಸಿರು ಸೀರೆ, ಸೀರೆಯ ಮಡಿಕೆಯೊಳಗೆ ಒಂದೂವರೆ ಡಜನ್ ಹಸಿರು ಬಳೆ. ಬಸ್ಸು ಯೇವಲಾ ದಾಟಿ ವೈಜಾಪುರದ ದಾರಿ ಹಿಡಿದಾಗ, ಕುಲುಕಿಗೆ ಬಳೆ ಒಡೆದಾವೆಂದು ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದಳು.

ರುಕ್ಮಿಣಿಬಾಯಿ ಬಾಗಿಲಿಗೇ ಬಂದು ಕೈ ಹಿಡಿದು ಒಳಗೆ ಕರೆದಳು. "ಬರ್ರಿ ಬೀಗತ್ಯಾರ. ಒಂದು ಫೋನರs ಮಾಡಬಾರದೇನ್ರಿ?"

"ದ್ರಾಕ್ಷಿ ಚಲೋ ಬಂದಿದ್ವು. ತಡಾ ಮಾಡಿದರ ಕೆಡ್ತಾವಂತ ಹಂಗs ಬಂದೆ."

ಮಂಜುಶ್ರೀ ನೀರು ತಂದಿಟ್ಟು ಕಾಲು ಮುಟ್ಟಿದಳು. ಕೈಯಲ್ಲಿ ಎರಡೇ ಎರಡು ಬಳೆ, ಮೊಣಕೈವರೆಗೆ ಜಾರುತ್ತಿದ್ದವು. ಮುಖ ನೋಡಬೇಕೆನ್ನುವಷ್ಟರಲ್ಲಿ ಚಹಾ ಮಾಡಲು ಒಳಗೆ ಹೋದಳು.

ರುಕ್ಮಿಣಿಬಾಯಿ ದ್ರಾಕ್ಷಿ ಬಿಡಿಸುತ್ತ ಮಾತಿಗೆ ಕೂತಳು. "ನಿಮ್ಮ ಸೀರಿಯಲ್ ಬಂದ್ ಆಯ್ತಲ್ಲರಿ. ನನಗೂ ಭಾಳ ಬ್ಯಾಸರ."

"ನೀವು ನೋಡ್ತಿದ್ದಿಲ್ಲಲ್ಲ?"

"ನೋಡ್ತಿದ್ದಿಲ್ಲ, ಕೇಳ್ತಿದ್ದೆ. ದಿನಾ ಎಂಟಕ್ಕ ಮಂಜು ನಿಮಗ ಹೇಳೂದು ಕೇಳಿ ಕೇಳಿ ಕಥಿ ಎಲ್ಲಾ ಬಾಯಿಪಾಠ ಆಗಿತ್ತು. ಆ ಸುಗುಣಾನ ಅತ್ತಿ ಅದಾಳಲ್ಲ, ಎಂಥಾ ಗಟ್ಟಿ ಎದಿಯಾಕಿರಿ ಆಕಿ! ಸೊಸಿ ಜ್ವರದಾಗಿದ್ದರೂ ಬಟ್ಟಿ ಒಗಿಸಿದ್ಲು. ತವರಿಗೆ ಹೋಗ್ತೀನಂದರ ಒಂದು ವರ್ಷ ಕಳಿಸಲಿಲ್ಲ. ಅಂಥಾಕಿಗೆ ದೇವರು ಒಳ್ಳೇದು ಮಾಡ್ತಾನೇನ್ರಿ?"

ಟೀವಿಯ ಸುಗುಣಾಳ ಅತ್ತೆ ಹೂವಿನಂಥ ಮುದುಕಿ. ಸೊಸೆಗಾಗಿ ತನ್ನ ಮೂತ್ರಪಿಂಡವನ್ನೇ ಕೊಟ್ಟವಳು. ರುಕ್ಮಿಣಿಬಾಯಿ ಬೈಯುತ್ತಿದ್ದದ್ದು ತನ್ನನ್ನೇ. ಪಾಪ, ಅದು ಅವಳಿಗೆ ಗೊತ್ತಿರಲಿಲ್ಲ. ಆರು ವರ್ಷ ತನ್ನ ಮನೆಯ ಕಥೆಯನ್ನೇ ಕೇಳಿ, ಅದರ ಸೊಸೆಗಾಗಿ ಮರುಗಿದವಳು ಅವಳು. ಭುವನೇಶ್ವರಿ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡಳು. ಈಗ ಒಂದು ಮಾತು ಹೇಳಿದರೆ ನಾಳೆ ಅದನ್ನು ಉಣ್ಣಬೇಕಾದವಳು ಮಗಳು.

"ಹೋಗ್ಲಿ ಬಿಡ್ರಿ, ಕಥಿ" ಅಂದಳು.

"ಕಥಿ ಖರೆ. ಆದರ ಕಡೀಗೆ ಆ ದೀಪಾದರೂ ಉಳಸಬಾರದೇನ್ರಿ? ಮಂಜು ನಿಮ್ಮ ಸೊಸಿಗೆ ಹಾಸಗಿ ಮ್ಯಾಲಿಂದ ಹೇಳಿದ್ಲಲ್ಲ, ನಾ ಬಾಜೂಕs ಇದ್ದೆ. 'ಸುಗುಣಾ ಹಚ್ಚಿದ ದೀಪ ದೊಡ್ಡದಾತು, ಅವ್ವಗ ಇವತ್ತs ಹೇಳು' ಅಂತ. ಮೊದಲs ಮನ್ಯಾಗ ತ್ರಾಸು, ಮ್ಯಾಲೆ ಅದನ್ನ ಕೇಳಿ ನನಗ ಅವತ್ತು ಅನ್ನ ಸೇರಲಿಲ್ಲ ನೋಡ್ರಿ."

ದೊಡ್ಡದಾತು.

ಹಚ್ಚಿದ ದೀಪ ಆರಿತು ಎಂದು ಯಾವ ಗರತಿಯೂ ಹೇಳುವುದಿಲ್ಲ. ದೊಡ್ಡದಾಯಿತು ಅನ್ನುತ್ತಾಳೆ. ಬೀದರದಲ್ಲಿ ಭುವನೇಶ್ವರಿಯ ತಾಯಿ ಹಾಗೆ ಅನ್ನುತ್ತಿದ್ದಳು, ಭುವನೇಶ್ವರಿ ಅಂದಳು, ಅವಳಿಂದ ಮಂಜುಶ್ರೀ ಕಲಿತಳು. ಗುಂಡಿ ಒತ್ತಿ ಬಲ್ಬು ಹಚ್ಚುವ ಮನೆಯಲ್ಲಿ ಭಾರ್ಗವಿಗೆ ಅದನ್ನು ಕಲಿಸುವ ಪ್ರಸಂಗವೇ ಬಂದಿರಲಿಲ್ಲ. ಆ ಹುಡುಗಿ ದೊಡ್ಡದಾಯಿತು ಎಂದು ಕೇಳಿಸಿಕೊಂಡಳು, ಮರಾಠಿಯಲ್ಲಿ ಮೋಠಾ ಎಂದು ಹೇಳಿದಳು, ಜೋರಾಗಿ ಉರಿಯುತ್ತಿದೆ ಎಂದು ತನ್ನ ಕಡೆಯಿಂದ ಎರಡು ಮಾತು ಸೇರಿಸಿದಳು. ಆ ಹೊತ್ತಿಗೆ ಭುವನೇಶ್ವರಿ ಕೊಳಲು ಕೇಳುತ್ತ ಕೂತಿದ್ದಳು. ಫೋನು ಟುಕ್ ಟುಕ್ ಅಂದದ್ದು ಮಗಳದು.

ತೊಡೆಯ ಮೇಲಿನ ಚೀಲವನ್ನು ಮೆಲ್ಲಗೆ ಕಾಲ ಕೆಳಗೆ ಇಳಿಸಿದಳು. ಒಳಗೆ ಬಳೆಗಳು ಸಣ್ಣಗೆ ಸದ್ದು ಮಾಡಿದವು.

ಚಹಾದ ಬಟ್ಟಲು ಒಯ್ದಿಡುವ ನೆವದಿಂದ ಅಡಿಗೆಮನೆಗೆ ಹೋದಾಗ ತಾಯಿ-ಮಗಳಿಗೆ ಸಿಕ್ಕದ್ದು ಒಂದೆರಡು ನಿಮಿಷ. ನಲ್ಲಿ ಬಿಟ್ಟುಕೊಂಡು ಮಾತಾಡಿದರು.

"ಯಾವಾಗs?"

"ಆ ಬುಧವಾರ. ನಾ ಫೋನ್ ಮಾಡಿದ್ದರ ಹಿಂದಿನ ದಿನ."

"ದವಾಖಾನಿಗೆ?"

"ಹೋಗಿದ್ವಿ. ಗರ್ಭಾ ತೊಳದ್ರು." ಮಂಜುಶ್ರೀ ಬಟ್ಟಲನ್ನು ಉಜ್ಜಿದ್ದನ್ನೇ ಉಜ್ಜುತ್ತಿದ್ದಳು. "ಯಾರಿಗೂ ಗೊತ್ತಾಗಬಾರದಂದ್ರು ಅತ್ತಿ. ನನಗ ನಿನಗ ಹೇಳಬೇಕಿತ್ತು. ಹೇಳಿದೆ. ಮರುದಿನ ಬರ್ತಿ ಅಂತ ದಾರಿ ನೋಡಿದೆ. ಅದರ ಮರುದಿನಾನೂ ನೋಡಿದೆ. ಯಾಕ ಇಷ್ಟು ತಡಾ ಮಾಡಿದೆವ್ವಾ?"

ಭುವನೇಶ್ವರಿಗೆ ಉತ್ತರ ಗೊತ್ತಿತ್ತು. ಹೇಳಿದರೆ ಭಾರ್ಗವಿಯ ಹೆಸರು ಬರುತ್ತದೆ. ಅತ್ತಿಗೆಯ ಮೇಲೆ ಮಗಳಿಗೆ ಒಂದು ಮುಳ್ಳು ಆಯುಷ್ಯಪೂರ್ತಿ ಉಳಿಯುತ್ತದೆ. ಆ ಹುಡುಗಿಯದು ತಪ್ಪೆಂದರೆ ತಪ್ಪೂ ಅಲ್ಲ.

"ಬಸ್ ಸಿಗಲಿಲ್ಲವ್ವಾ" ಅಂದಳು.

ಹದಿನೆಂಟು ದಿನ ಬಸ್ಸು ಸಿಗಲಿಲ್ಲ ಎಂಬ ಮಾತನ್ನು ಮಗಳು ಕೇಳಿಸಿಕೊಂಡಳು.

"ಬ್ಯಾರೆ ಸೀರಿಯಲ್ ಹಿಡಿಯೂಣು. ಅದs ಹೊತ್ತಿಗೆ ಬರೂದು" ಅಂದಳು ತಾಯಿ ಅವಸರದಿಂದ.

"ಆ ಹೊತ್ತಿಗೆ ಡ್ಯಾನ್ಸ್ ಹಚ್ಚ್ಯಾರ. ಸಣ್ಣ ಹುಡುಗರು ಕುಣೀತಾವ. ಕುಣಿತದಾಗ ನಾ ಏನ ಹೇಳ್ಲಿ ನಿನಗ?"

ಹೊರಗಿನಿಂದ ರುಕ್ಮಿಣಿಬಾಯಿ ಕೂಗಿದಳು, "ಮಂಜು, ನಲ್ಲಿ ಬಂದ್ ಮಾಡs, ನೀರು ಹೆಚ್ಚಾಗಿ ಹೋಗ್ತಾವ!" ಮಂಜುಶ್ರೀ ನಲ್ಲಿ ನಿಲ್ಲಿಸಿದಳು.

ಮರುದಿನ ಹೊರಡುವಾಗ ರುಕ್ಮಿಣಿಬಾಯಿ ಖಣ, ತೆಂಗಿನಕಾಯಿ ಕೈಗಿತ್ತಳು. ದ್ರಾಕ್ಷಿ ಸಿಹಿ ಇವೆ, ಎರಡು ಗೊಂಚಲು ಮಾತ್ರ ಯಾಕೋ ಹುಳಿ ಬಂದಿವೆ ಅಂದಳು. "ಇನ್ನ ಸೀರಿಯಲ್ಲೂ ಇಲ್ಲ, ದಿನಾ ಫೋನ್ ಯಾಕರಿ ಸುಮ್ಮ? ವಾರಕ್ಕೊಮ್ಮೆ ಆದರ ಆಯ್ತು" ಎಂದೂ ಅಂದಳು, ಕೆಟ್ಟ ಮನಸ್ಸಿನಿಂದಲ್ಲ. ಭುವನೇಶ್ವರಿ ಹೂಂ ಅಂದಳು. ಹಸಿರು ಸೀರೆ, ಬಳೆ ಚೀಲದ ತಳದಲ್ಲೇ ನಾಸಿಕಕ್ಕೆ ಹಿಂತಿರುಗಿದವು. ಹೋಗುವಾಗ ಜೋಪಾನ ಮಾಡಿದ್ದವಳು ಬರುವಾಗ ಚೀಲವನ್ನು ಸೀಟಿನ ಕೆಳಗೆ ತಳ್ಳಿದ್ದಳು. ಮೂರು ಬಳೆ ಒಡೆದಿದ್ದವು.

"ದೀದಿ ಹೇಗಿದ್ದಾರೆ ಅತ್ತೆ?" ಎಂದು ಭಾರ್ಗವಿ ಚೀಲ ಇಸಕೊಂಡಳು.

"ಆರಾಮ ಇದ್ದಾಳ."

ಅಷ್ಟರಲ್ಲಿ ಭಾರ್ಗವಿಯ ಫೋನು ರಿಂಗಾಯಿತು. ಓಝರಿನಿಂದ ಅವಳ ತಾಯಿ. ಭುವನೇಶ್ವರಿ ಕೂತಿದ್ದವಳು ಎದ್ದು, ತಾಯಿ-ಮಗಳನ್ನು ಅವರ ಮಾತಿಗೆ ಬಿಟ್ಟು, ಹೊರಗಿನ ಗ್ಯಾಲರಿಗೆ ಹೋಗಿ, ಹಿಂದೆ ಬಾಗಿಲು ಎಳೆದುಕೊಂಡಳು.

ಮುಂದಿನ ತಿಂಗಳು ಅವಳು ಕನ್ನಡ ಚಾನೆಲ್ ತೆಗೆಸಿದಳು. ತಿಂಗಳಿಗೆ ಇಪ್ಪತ್ತೆರಡೂವರೆ ರೂಪಾಯಿ ಉಳಿಯಿತು. ಮಗಳು ಹೇಗಿದ್ದಾಳೆ ಎಂದು ಅವಳಿಗೆ ಆಮೇಲೆ ಗೊತ್ತಾಗಲಿಲ್ಲ.